ಕೊಂಡಿಗಳ ನಕ್ಷೆಯಲ್ಲಿ ದೊಡ್ಡ ಚುಕ್ಕಿ ಕಂಡರೆ ಅದೇ ಪ್ರಭಾವಿ ತಾಣವೇ?

ಓದುಗರ ಪ್ರಶ್ನೆ

"ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟದಲ್ಲಿ ಕಾಳುಮೆಣಸು ಬೆಳೆಯುತ್ತೇವೆ. ಮೆಣಸಿನ ಬಗ್ಗೆಯೇ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ತಳಿಗಳು, ಸೊರಗು ರೋಗ, ಬೋರ್ಡೊ ದ್ರಾವಣ, ಕೊಯ್ಲು, ಒಣಗಿಸುವುದು ಎಲ್ಲವನ್ನೂ ಬರೆಯುತ್ತೇನೆ. ಓದಿದವರು ಮೆಚ್ಚುತ್ತಾರೆ, ಆದರೆ ಓದುವವರು ಕಡಿಮೆ. ಬೆಂಗಳೂರಿನಲ್ಲಿರುವ ನಮ್ಮ ಭಾವ ಒಂದು ಸಾಫ್ಟ್‌ವೇರ್‌ನಲ್ಲಿ ಈ ವಿಷಯದ ವೆಬ್‌ಸೈಟ್‌ಗಳ ಕೊಂಡಿ (ಲಿಂಕ್) ನಕ್ಷೆ ತೆಗೆದು ಕಳಿಸಿದರು. ದೊಡ್ಡ ಚುಕ್ಕಿಗಳೇ ಪ್ರಭಾವಿ ತಾಣಗಳು, ಅವುಗಳಿಂದ ಲಿಂಕ್ ಸಿಕ್ಕರೆ ಗೂಗಲ್ ಹುಡುಕಾಟದಲ್ಲಿ ನಿನ್ನ ಸೈಟ್ ಮೇಲೆ ಬರುತ್ತದೆ ಎಂದರು. ನೋಡಿದರೆ ಫೇಸ್‌ಬುಕ್, ಯೂಟ್ಯೂಬ್, ಬ್ಲಾಗ್‌ಸ್ಪಾಟ್ ಮತ್ತು ಗೊಬ್ಬರ, ಔಷಧಿ ಮಾರುವ ಎರಡು ಸೈಟ್‌ಗಳು ದೊಡ್ಡದಾಗಿವೆ. ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಮೂಲೆಯಲ್ಲಿ ಸಣ್ಣ ಚುಕ್ಕಿಯಾಗಿದೆ. ನಕ್ಷೆಯನ್ನು ನಂಬಲಾ, ನನ್ನ ಅನುಭವವನ್ನು ನಂಬಲಾ? ಇಷ್ಟರಲ್ಲಿ ಒಂದು ಏಜೆನ್ಸಿಯವರು ಹದಿನೈದು ಸಾವಿರಕ್ಕೆ 'ಡಿಎ 40ಕ್ಕಿಂತ ಮೇಲಿನ' ಐವತ್ತು ಲಿಂಕ್ ಮಾಡಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲಾ? ಭಾವ ಹೇಳುವ ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಲಾ? ಇನ್ನೊಂದು ಮಾತು. ನಾವು ಬೇರೆಯವರಿಗೆ ಲಿಂಕ್ ಕೊಟ್ಟರೆ ನಮ್ಮ ಸೈಟ್‌ನ ಬಲ ಹೋಗುತ್ತದೆ ಎನ್ನುತ್ತಾರೆ. ನಿಜವಾ?"

ತಜ್ಞರ ಉತ್ತರ

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಮೆಣಸಿನ ವಿಷಯದಲ್ಲಿ ಯಾರ ಮಾತಿಗೆ ತೂಕವಿದೆ ಎಂದು ನಿಮಗೆ ತೋಟದ ಅನುಭವದಿಂದಲೇ ಗೊತ್ತು. ಕಂಪ್ಯೂಟರ್ ಬಿಡಿಸಿದ ಚಿತ್ರ ಅದಕ್ಕೆ ಉಲ್ಟಾ ಹೇಳುತ್ತಿದೆ. ಚಿತ್ರ ನೋಡಲು ಚೆನ್ನಾಗಿದೆ, ಲೆಕ್ಕ ಹಾಕಿ ಬಂದಿದೆ, ಹಾಗಾಗಿ ತಪ್ಪು ನನ್ನದೇ ಇರಬೇಕು ಎಂದು ಅನ್ನಿಸುವುದು ಸಹಜ. ನಿಮ್ಮ ಅನುಭವ ತಪ್ಪಲ್ಲ. ನಕ್ಷೆಯೂ ಸುಳ್ಳು ಹೇಳುತ್ತಿಲ್ಲ. ನೀವು ಕೇಳುತ್ತಿರುವ ಪ್ರಶ್ನೆ ಒಂದು, ಅದು ಉತ್ತರ ಕೊಟ್ಟಿರುವ ಪ್ರಶ್ನೆ ಇನ್ನೊಂದು. ಪ್ರಶ್ನೆಯನ್ನು ಸರಿ ಮಾಡಿಕೊಂಡರೆ ಇದೇ ಸಾಧನ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಇಂಥ ನಕ್ಷೆ ಕೈಗೆ ಬಂದಾಗ ನಾನು ಮೊದಲು ಕೇಳುವುದು, ಇಲ್ಲಿ ಒಂದು ಗೆರೆ ಅಂದರೆ ಏನು ಅಂತ. ಚುಕ್ಕಿ ಒಂದು ವೆಬ್‌ಸೈಟ್, ಅದು ಗೊತ್ತು. ಗೆರೆಗೆ ಮಾತ್ರ ಸಾಧನದಿಂದ ಸಾಧನಕ್ಕೆ ಬೇರೆ ಬೇರೆ ಅರ್ಥ ಇರುತ್ತದೆ. ಕೆಲವದರಲ್ಲಿ ಗೆರೆ ಎಂದರೆ ನಿಜವಾದ ಕೊಂಡಿ: ಈ ಸೈಟ್‌ನ ಒಂದು ಪುಟದಿಂದ ಆ ಸೈಟ್‌ಗೆ ಲಿಂಕ್ ಇದೆ. ಹಿಂದೆ ಟಚ್‌ಗ್ರಾಫ್ ಎಂಬ ಸಾಧನ ತುಂಬಾ ಹೆಸರು ಮಾಡಿತ್ತು. ಅದು ಗೂಗಲ್ ಕೊಡುತ್ತಿದ್ದ 'ಸಂಬಂಧಿತ ಪುಟಗಳ' ಪಟ್ಟಿ ತೆಗೆದುಕೊಂಡು ಬಲೆ ಹೆಣೆಯುತ್ತಿತ್ತು. ಅಲ್ಲಿ ಗೆರೆ ಎಂದರೆ ಹೋಲಿಕೆ, ಕೊಂಡಿ ಅಲ್ಲವೇ ಅಲ್ಲ. ಇನ್ನು ಕೆಲವು ಸಾಧನಗಳು ಇಬ್ಬರನ್ನೂ ಮೂರನೆಯವರು ಒಂದೇ ಪುಟದಲ್ಲಿ ಹೆಸರಿಸಿದ್ದರೆ ಆ ಇಬ್ಬರ ನಡುವೆ ಗೆರೆ ಎಳೆಯುತ್ತವೆ. ಭಾವನವರನ್ನು ಕೇಳಿ, ನಿಮ್ಮ ನಕ್ಷೆಯ ಗೆರೆ ಯಾವುದು ಅಂತ. ಅದು ಗೊತ್ತಾಗದೆ ಒಂದು ಚುಕ್ಕಿಯನ್ನೂ ನಂಬಬೇಡಿ.

ಎರಡನೆಯದು ಚುಕ್ಕಿಯ ಗಾತ್ರ. ಅದನ್ನು ತೀರ್ಮಾನ ಮಾಡುವುದು ನಕ್ಷೆ ತೆಗೆಯುವವರು. ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಉಚಿತ ಸಾಫ್ಟ್‌ವೇರ್ ಗೆಫಿ. ಅದರಲ್ಲಿ ಗಾತ್ರವನ್ನು ಒಳಬರುವ ಕೊಂಡಿಗಳ ಸಂಖ್ಯೆಗೆ ಹೊಂದಿಸಬಹುದು. ಯಾರಿಂದ ಕೊಂಡಿ ಬಂತು ಎನ್ನುವುದಕ್ಕೂ ತೂಕ ಕೊಡುವ ಪೇಜ್‌ರ‍್ಯಾಂಕ್ ಎಂಬ ಅಂಕಕ್ಕೆ ಹೊಂದಿಸಬಹುದು. ಎರಡು ಗುಂಪುಗಳ ನಡುವೆ ಸೇತುವೆಯಾಗಿರುವ ತಾಣಗಳು ದೊಡ್ಡದಾಗಿ ಕಾಣುವಂತೆಯೂ ಮಾಡಬಹುದು. ಅದೇ ಮಾಹಿತಿ, ಮೂರು ಬೇರೆ ಚಿತ್ರ. ಜಾಗದ ಕಥೆಯೂ ಹೀಗೆಯೇ. ಗೆಫಿಯ ಫೋರ್ಸ್‌ಅಟ್ಲಾಸ್2 ಎಂಬ ಜೋಡಣೆಯಲ್ಲಿ ಚುಕ್ಕಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಗೆರೆಗಳು ಹತ್ತಿರ ಎಳೆಯುತ್ತವೆ. ಈ ಎಳೆದಾಟ ನಿಂತಾಗ ಯಾರು ಎಲ್ಲಿದ್ದಾರೋ ಅದೇ ಅವರ ಜಾಗ. ಮೇಲೆ, ಕೆಳಗೆ, ಎಡ, ಬಲಕ್ಕೆ ಅರ್ಥವಿಲ್ಲ. ಯಾರು ಯಾರ ಹತ್ತಿರ ಇದ್ದಾರೆ ಅನ್ನುವುದಕ್ಕೆ ಮಾತ್ರ ಅರ್ಥ. ನಿಮ್ಮ ಸಂಶೋಧನಾ ಸಂಸ್ಥೆ ಮೂಲೆಯಲ್ಲಿದೆ ಅಂದರೆ, ಈ ನಕ್ಷೆಯಲ್ಲಿರುವ ಉಳಿದವರ ಜೊತೆ ಅದಕ್ಕೆ ಕೊಂಡಿಗಳು ಕಡಿಮೆ ಇವೆ ಅಂತ ಅಷ್ಟೇ.

ಈಗ ಫೇಸ್‌ಬುಕ್ ಯಾಕೆ ಅಷ್ಟು ದೊಡ್ಡದು? ಇವತ್ತು ಬಹುತೇಕ ಪುಟಗಳ ಕೆಳಗೆ ಹಂಚಿಕೊಳ್ಳುವ ಬಟನ್‌ಗಳು ಇರುತ್ತವೆ. ಕೊಂಡಿ ಎಣಿಸುವ ಯಂತ್ರಕ್ಕೆ ಅದೂ ಒಂದು ಕೊಂಡಿಯೇ. ಸೊರಗು ರೋಗದ ಬಗ್ಗೆ ಬರೆದ ಲೇಖನ ಫೇಸ್‌ಬುಕ್ಕನ್ನು ಆಧಾರವಾಗಿ ತೋರಿಸುತ್ತಿಲ್ಲ, ಕೆಳಗೆ ಬಟನ್ ಇದೆ ಅಷ್ಟೇ. ಯೂಟ್ಯೂಬ್‌ನದೂ ಹೆಚ್ಚು ಕಡಿಮೆ ಇದೇ ಕಥೆ. ಇವುಗಳನ್ನು ಮೊದಲೇ ತೆಗೆದುಹಾಕಬೇಕು. ತೆಗೆಯದೆ ಬಿಟ್ಟರೆ ಎಲ್ಲ ಗೆರೆಗಳೂ ಆ ಕಡೆಗೇ ಎಳೆದು, ನಿಮ್ಮ ವಿಷಯದ ಒಳಗಿನ ನಂಟುಗಳು ಕಾಣುವುದೇ ಇಲ್ಲ.

ಬ್ಲಾಗ್‌ಸ್ಪಾಟ್‌ನ ದೊಡ್ಡ ಚುಕ್ಕಿ ಮಾತ್ರ ನನಗೆ ನಿಜವಾಗಿ ಬೇಸರ ತರಿಸುವ ವಿಷಯ. ಕನ್ನಡದಲ್ಲಿ ಕೃಷಿ, ಪರಿಸರ, ಹಕ್ಕಿ, ಗಿಡಮರದ ಬಗ್ಗೆ ಕಷ್ಟಪಟ್ಟು ಬರೆದ ಎಷ್ಟೋ ಜನ ಬರೆದದ್ದು ಬ್ಲಾಗ್‌ಸ್ಪಾಟ್ ಅಥವಾ ವರ್ಡ್‌ಪ್ರೆಸ್‌ನ ಉಚಿತ ವಿಳಾಸದಲ್ಲಿ. ಸಾಧನ ವಿಳಾಸದ ಕೊನೆಯ ಭಾಗವನ್ನು ಮಾತ್ರ ನೋಡಿ ಎಣಿಸಿದರೆ ಅಷ್ಟೂ ಜನ ಒಂದೇ ಚುಕ್ಕಿಯೊಳಗೆ ಮುಳುಗಿಹೋಗುತ್ತಾರೆ. ನೀವು ಹುಡುಕುತ್ತಿರುವ ಪ್ರಭಾವಿ ಬರಹಗಾರ ಆ ಚುಕ್ಕಿಯ ಒಳಗೇ ಇರಬಹುದು! ಪ್ರತಿ ಬ್ಲಾಗ್ ಬೇರೆ ಚುಕ್ಕಿಯಾಗುವಂತೆ ಸೆಟ್ಟಿಂಗ್ ಬದಲಿಸಿ ಮತ್ತೆ ತೆಗೆಯಲು ಹೇಳಿ. ಇದರ ಉಲ್ಟಾ ತೊಂದರೆಯೂ ಇದೆ. 2012ರಿಂದ ಕೆಲವು ವರ್ಷ ಭಾರತದಲ್ಲಿ ಬ್ಲಾಗ್‌ಸ್ಪಾಟ್ ತೆರೆದವರಿಗೆ ಡಾಟ್ ಕಾಮ್ ಬದಲು ಡಾಟ್ ಇನ್ ವಿಳಾಸ ಕಾಣುತ್ತಿತ್ತು. ಜನ ಅದನ್ನೇ ಕಾಪಿ ಮಾಡಿ ಲಿಂಕ್ ಕೊಟ್ಟರು. 2020ರಲ್ಲಿ ಆ ಡಾಟ್ ಇನ್ ವಿಳಾಸ ಗೂಗಲ್ ಕೈತಪ್ಪಿತು, ಹಳೆಯ ಕೊಂಡಿಗಳು ಸತ್ತವು. ನಕ್ಷೆಯಲ್ಲಿ ಒಂದೇ ಬ್ಲಾಗ್ ಎರಡು ಸಣ್ಣ ಚುಕ್ಕಿಯಾಗಿ ಒಡೆದಿರುತ್ತದೆ. ವಿಳಾಸ ಬದಲಿಸಿದ ಸರ್ಕಾರಿ ಸಂಸ್ಥೆ, ವಿಶ್ವವಿದ್ಯಾಲಯಗಳಿಗೂ ಹೀಗೇ ಆಗುತ್ತದೆ. ಹಳೆಯ ವಿಳಾಸಕ್ಕೆ ಬಂದ ಕೊಂಡಿ ಒಂದು ಕಡೆ, ಹೊಸದಕ್ಕೆ ಬಂದದ್ದು ಇನ್ನೊಂದು ಕಡೆ. ಎರಡನ್ನೂ ಕೂಡಿಸಿದ ಮೇಲೆಯೇ ಗಾತ್ರ ನೋಡಬೇಕು. ನಿಮ್ಮ ಸಂಸ್ಥೆಯ ಚುಕ್ಕಿ ಸಣ್ಣದಾಗಲು ಇದು ಒಂದು ಕಾರಣವಾಗಿರಬಹುದು, ನೋಡಿ.

ಇನ್ನೊಂದು ಕಾರಣ ನಮ್ಮ ಬರವಣಿಗೆಯ ಅಭ್ಯಾಸ. "ಕಲ್ಲಿಕೋಟೆಯ ಸಂಶೋಧನಾ ಸಂಸ್ಥೆಯ ಪ್ರಕಾರ" ಎಂದು ಬರೆಯುತ್ತೇವೆ, ಕೊಂಡಿ ಕೊಡುವುದಿಲ್ಲ. ಪತ್ರಿಕೆಯಲ್ಲಿ ಬರೆದು ರೂಢಿಯಾದವರು ಹಾಗೆಯೇ ಬರೆಯುತ್ತಾರೆ, ಅದು ತಪ್ಪೇನಲ್ಲ. ಆದರೆ ಕೊಂಡಿ ಎಣಿಸುವ ಯಂತ್ರಕ್ಕೆ ಆ ಋಣ ಕಾಣುವುದಿಲ್ಲ. ಮಲೆನಾಡಿನ ರೈತರಿಗೆ ಮಾಹಿತಿ ತಲುಪುವ ದಾರಿಯನ್ನೇ ನೋಡಿ. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆಯಂಥ ಅಚ್ಚಿನ ಮಾಸಿಕ, ಕೃಷಿ ವಿಜ್ಞಾನ ಕೇಂದ್ರದ ತರಬೇತಿ, ಆಕಾಶವಾಣಿ, ಸೊಸೈಟಿಯ ಸಭೆ, ವಾಟ್ಸಾಪ್ ಗುಂಪು. ಇವುಗಳಲ್ಲಿ ಯಾವುದೂ ಕೊಂಡಿ ನಕ್ಷೆಯಲ್ಲಿ ಬರುವುದಿಲ್ಲ. ಹಾಗಾಗಿ ಕನ್ನಡದ ಯಾವ ವಿಷಯದ ನಕ್ಷೆ ತೆಗೆದರೂ ಅದು ಪ್ರಭಾವದ ಒಂದು ತುಂಡನ್ನು ಮಾತ್ರ ತೋರಿಸುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕೂರಬೇಕು.

ಹಾಗಾದರೆ ಕೊಂಡಿಗೆ ಬೆಲೆ ಇಲ್ಲವೇ? ಇದೆ. ಹೊಸ ಊರಿಗೆ ಹೋಗಿ ಬಳ್ಳಿ ಒಣಗುತ್ತಿದೆ, ಯಾರನ್ನು ಕೇಳಲಿ ಎಂದರೆ, ಪರಸ್ಪರ ಸಂಬಂಧವಿಲ್ಲದ ನಾಲ್ಕು ಜನ ಒಂದೇ ಹೆಸರು ಹೇಳಿದರೆ ನೀವು ಅವರ ಮನೆಗೆ ಹೋಗುತ್ತೀರಿ ಅಲ್ವಾ? ಕೊಂಡಿಯ ಲೆಕ್ಕದ ಹಿಂದಿರುವುದು ಇದೇ ಯೋಚನೆ. 1998ರಲ್ಲಿ ಗೂಗಲ್ ಸ್ಥಾಪಕರಾದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಬರೆದ ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ, ಯಾರು ಬೊಟ್ಟು ಮಾಡಿದರು ಎನ್ನುವುದಕ್ಕೂ ತೂಕವಿದೆ. ಮಹತ್ವದ ಪುಟದಿಂದ ಬಂದ ಕೊಂಡಿಗೆ ಹೆಚ್ಚು ಬೆಲೆ.

ನಿಮ್ಮಂಥವರಿಗೆ ಇದಕ್ಕಿಂತ ಉಪಯೋಗದ್ದು ಕಂಪ್ಯೂಟರ್ ವಿಜ್ಞಾನಿ ಜಾನ್ ಕ್ಲೈನ್‌ಬರ್ಗ್ 1999ರಲ್ಲಿ ಪ್ರಕಟಿಸಿದ ವಿಚಾರ. ಅವರು ಪುಟಗಳಲ್ಲಿ ಎರಡು ಗುಣ ಗುರುತಿಸಿದರು. ಒಂದು, ಮೂಲ ಮಾಹಿತಿ ಇರುವ ಪುಟ. ಅದಕ್ಕೆ ಅಥಾರಿಟಿ ಎಂದರು. ಇನ್ನೊಂದು, ಒಳ್ಳೆಯ ಮೂಲಗಳಿಗೆಲ್ಲ ದಾರಿ ತೋರಿಸುವ ಪಟ್ಟಿಯಂಥ ಪುಟ. ಅದು ಹಬ್. ಒಳ್ಳೆಯ ಹಬ್‌ಗಳು ತೋರಿಸಿದ್ದು ಒಳ್ಳೆಯ ಅಥಾರಿಟಿ, ಒಳ್ಳೆಯ ಅಥಾರಿಟಿಗಳನ್ನು ತೋರಿಸಿದ್ದು ಒಳ್ಳೆಯ ಹಬ್. ಒಂದರಿಂದ ಇನ್ನೊಂದರ ಅಂಕ ಏರುತ್ತದೆ. ಇದು ಯಾಕೆ ಬೇಕಾಯಿತು ಅಂದರೆ, ಒಂದೇ ವಿಷಯದ ದೊಡ್ಡವರು ಒಬ್ಬರಿಗೊಬ್ಬರು ಕೊಂಡಿ ಕೊಡುವುದು ಅಪರೂಪ. ಪೈಪೋಟಿಯಲ್ಲಿರುವ ಎರಡು ಕಾರು ಕಂಪನಿಗಳು ಒಬ್ಬರ ಪುಟದಲ್ಲಿ ಇನ್ನೊಬ್ಬರ ಲಿಂಕ್ ಹಾಕುವುದಿಲ್ಲ. ಅವರಿಬ್ಬರನ್ನೂ ಒಟ್ಟಿಗೆ ತೋರಿಸುವವನು ಮೂರನೆಯವನು. ಮೆಣಸಿನಲ್ಲಿಯೂ ಹಾಗೇ. ಕಲ್ಲಿಕೋಟೆಯ ಸಂಸ್ಥೆ, ಕೊಚ್ಚಿಯ ಸಾಂಬಾರ ಮಂಡಳಿ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇವೆಲ್ಲವನ್ನೂ ಒಂದೇ ಪುಟದಲ್ಲಿ ಜೋಡಿಸಿಟ್ಟವರು ಯಾರು ಅಂತ ಹುಡುಕಿ. ನಿಮಗೆ ಬೇಕಾದ್ದು ಅವರು. ನಕ್ಷೆಯಲ್ಲಿ ಅವರ ಚುಕ್ಕಿ ಸಣ್ಣದೇ ಇರುತ್ತದೆ, ಯಾಕೆಂದರೆ ಅವರಿಗೆ ಬರುವ ಕೊಂಡಿ ಕಡಿಮೆ, ಅವರಿಂದ ಹೋಗುವ ಕೊಂಡಿ ಜಾಸ್ತಿ. ಗಾತ್ರವನ್ನು ಹೊರಹೋಗುವ ಕೊಂಡಿಗಳಿಗೆ ಹೊಂದಿಸಿ ಒಮ್ಮೆ ನೋಡಿ, ಚಿತ್ರವೇ ಬದಲಾಗುತ್ತದೆ.

ಗುಂಪುಗಳ ವಿಷಯವನ್ನೂ ಹೇಳಬೇಕು. ಅಮೆರಿಕದ 2004ರ ಚುನಾವಣೆ ಹೊತ್ತಿನ ಸಾವಿರಕ್ಕೂ ಹೆಚ್ಚು ರಾಜಕೀಯ ಬ್ಲಾಗ್‌ಗಳ ನಕ್ಷೆಯನ್ನು ಲಾಡಾ ಆಡಮಿಕ್ ಮತ್ತು ನಟಾಲಿ ಗ್ಲಾನ್ಸ್ 2005ರಲ್ಲಿ ಪ್ರಕಟಿಸಿದರು. ಎರಡು ಪಕ್ಷದವರು ಎರಡು ಗುಂಪಾಗಿ, ಹೆಚ್ಚಾಗಿ ತಮ್ಮವರಿಗೇ ಕೊಂಡಿ ಕೊಡುತ್ತಿದ್ದದ್ದು ಕಣ್ಣಿಗೆ ಹೊಡೆಯುವಂತೆ ಕಂಡಿತು. ಕೃಷಿಯಲ್ಲೂ ಇದು ಇದೆ. ಸಾವಯವದವರು ಒಂದು ಗುಂಪು, ಔಷಧಿ ಗೊಬ್ಬರದ ಮಾರಾಟಗಾರರು ಒಂದು, ಸಂಶೋಧನಾ ಸಂಸ್ಥೆಗಳು ಇನ್ನೊಂದು. ಒಂದು ಗುಂಪಿನೊಳಗೆ ದೊಡ್ಡದಾಗಿರುವವರು ಇನ್ನೊಂದು ಗುಂಪಿನವರಿಗೆ ಯಾರು ಅಂತಲೇ ಗೊತ್ತಿರುವುದಿಲ್ಲ. ನಿಮ್ಮ ನಕ್ಷೆಯ ಆ ಎರಡು ಅಂಗಡಿ ಸೈಟ್‌ಗಳಿಗೆ ಯಾರ‍್ಯಾರು ಕೊಂಡಿ ಕೊಟ್ಟಿದ್ದಾರೆ ಎಂದು ತೆಗೆದು ನೋಡಿ. ಒಂದೇ ಮಾಲೀಕರ ಹಲವು ಸೈಟ್‌ಗಳು, ಪ್ರತಿ ಪುಟದ ಅಡಿಯಲ್ಲಿ ಅದೇ ಲಿಂಕ್, ಜಾಹೀರಾತಿನ ಲೇಖನಗಳು ಇವೇ ಬಹುಪಾಲು ಇದ್ದರೆ ಆ ಗಾತ್ರಕ್ಕೆ ಬೆಲೆ ಇಲ್ಲ. ಅದಕ್ಕೇ ನಾನು ಯಾವಾಗಲೂ ಲಿಂಕ್‌ಗಳನ್ನು ಎಣಿಸುವುದಿಲ್ಲ, ಲಿಂಕ್ ಕೊಟ್ಟ ಬೇರೆ ಬೇರೆ ಸೈಟ್‌ಗಳನ್ನು ಎಣಿಸುತ್ತೇನೆ. ಸಾವಿರ ಪುಟಗಳ ಅಡಿಯಲ್ಲಿ ಇರುವ ಒಂದೇ ಸೈಟ್‌ನ ಕೊಂಡಿ ನನ್ನ ಲೆಕ್ಕದಲ್ಲಿ ಒಂದೇ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯಕ್ಕೆ ಬರೋಣ. ನಕ್ಷೆ ಎಲ್ಲಿಂದ ಶುರುವಾಯಿತು? ಈ ಸಾಧನಗಳಿಗೆ ನಾವು ಮೊದಲು ಒಂದು ಪಟ್ಟಿ ಕೊಡುತ್ತೇವೆ. ಅವು ಅಲ್ಲಿಂದ ಕೊಂಡಿ ಹಿಡಿದು ಮುಂದೆ ಹೋಗುತ್ತವೆ. ಆರಂಭದ ಪಟ್ಟಿ ಇಂಗ್ಲಿಷ್‌ನದಾದರೆ ಜಕಾರ್ತದಲ್ಲಿರುವ ಅಂತರರಾಷ್ಟ್ರೀಯ ಪೆಪ್ಪರ್ ಕಮ್ಯುನಿಟಿ ಬರುತ್ತದೆ, ವಿಯೆಟ್ನಾಂನ ವ್ಯಾಪಾರಿಗಳು ಬರುತ್ತಾರೆ, ರಫ್ತಿನ ಸುದ್ದಿ ತುಂಬಿಕೊಳ್ಳುತ್ತದೆ. ಕನ್ನಡದ ಸುದ್ದಿ ಸೈಟ್‌ಗಳಿಂದ ಶುರು ಮಾಡಿದರೆ ಧಾರಣೆಯ ಸುದ್ದಿಯೇ ಜಾಸ್ತಿ ಆಗುತ್ತದೆ. ಭಾವ ಒಂದು ಪದ ಹಾಕಿ ಹುಡುಕಿ ಮೊದಲು ಬಂದ ಹತ್ತು ಸೈಟ್‌ಗಳನ್ನು ಕೊಟ್ಟಿದ್ದರೆ, ನಿಮ್ಮ ಕೈಯಲ್ಲಿರುವುದು ಆ ಹತ್ತು ಸೈಟ್‌ಗಳ ನೆಂಟರ ಚಿತ್ರ.

ಹಾಗಾಗಿ ಆರಂಭದ ಪಟ್ಟಿ ನೀವೇ ಮಾಡಿ. ಭಾವನವರಿಗೆ ಸಾಫ್ಟ್‌ವೇರ್ ಗೊತ್ತು, ಮೆಣಸು ನಿಮಗೆ ಗೊತ್ತು. ಮೂವತ್ತು ನಲವತ್ತು ವಿಳಾಸ ಸಾಕು. ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಲ್ಲ ಹೆಸರಿನಲ್ಲೂ ಹುಡುಕಿ. ಕೊಡಗು, ಕರಾವಳಿಯವರು ನಿಮ್ಮ ಪದ ಬಳಸದೇ ಇರಬಹುದು. ಪಣಿಯೂರು ತಳಿ, ಶೀಘ್ರ ಸೊರಗು, ಬುಷ್ ಪೆಪ್ಪರ್ ಹೀಗೆ ಕೆಲಸ ಮಾಡುವವರು ಮಾತ್ರ ಬಳಸುವ ಮಾತುಗಳನ್ನೂ ಹಾಕಿ. ವಿಕಿಪೀಡಿಯದ ಕನ್ನಡ, ಮಲಯಾಳಂ, ಇಂಗ್ಲಿಷ್ ಪುಟಗಳ ಕೆಳಗಿನ ಉಲ್ಲೇಖಗಳನ್ನು ನೋಡಿ. ಪ್ರತಿ ಗುಂಪಿನಿಂದಲೂ ಕೆಲವರು ಇರಲಿ: ಸಂಸ್ಥೆ, ರೈತ, ನರ್ಸರಿ, ಪತ್ರಿಕೆ. ಒಂದು ಗುಂಪನ್ನು ಬಿಟ್ಟರೆ ನಕ್ಷೆಯಲ್ಲೂ ಅದು ಇರುವುದಿಲ್ಲ, ಆಮೇಲೆ ಅದಿಲ್ಲ ಎಂದು ನಾವೇ ನಂಬಿಬಿಡುತ್ತೇವೆ.

ಇಲ್ಲಿ ಕನ್ನಡದವರಿಗೆ ಸಿಗುವ ಒಂದು ಲಾಭ ಹೇಳಲೇಬೇಕು. ಯೂನಿಕೋಡ್ ರೂಢಿಯಾಗುವ ಮೊದಲು 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪುಟಗಳು, ಪಿಡಿಎಫ್ ಕೈಪಿಡಿಗಳು ಇನ್ನೂ ಅಲ್ಲಲ್ಲಿ ಇವೆ. ಅವುಗಳಲ್ಲಿ 'ಕಾಳುಮೆಣಸು' ಎಂದು ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಕಂಪ್ಯೂಟರ್ ಕಣ್ಣಿಗೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ಸ್ಕ್ಯಾನ್ ಮಾಡಿದ ಪುಟಗಳದ್ದೂ ಇದೇ ಪಾಡು. ಆದರೆ ಅವುಗಳಿಗೆ ಯಾರೋ ಕೊಟ್ಟ ಕೊಂಡಿ ಮಾತ್ರ ಕೊಂಡಿಯೇ. ಪದ ಹುಡುಕಿ ಸಿಗದ್ದು ಕೊಂಡಿ ಹಿಡಿದು ಹೋದರೆ ಸಿಗುತ್ತದೆ. ಕನ್ನಡದ ವಿಷಯಗಳಿಗೆ ನಕ್ಷೆ ತೆಗೆಯುವುದು ಶ್ರಮಕ್ಕೆ ತಕ್ಕ ಕೆಲಸ ಎಂದು ನಾನು ನಂಬುವುದು ಮುಖ್ಯವಾಗಿ ಈ ಕಾರಣಕ್ಕೆ.

ಇನ್ನು ಸಾಧನಗಳು. ಖರ್ಚಿಲ್ಲದ ದಾರಿ ಎಂದರೆ ಒಂದು ಎಕ್ಸೆಲ್ ಹಾಳೆ. ನಿಮ್ಮ ಮೂವತ್ತು ಸೈಟ್ ತೆರೆದು, ಯಾರು ಯಾರಿಗೆ ಕೊಂಡಿ ಕೊಟ್ಟಿದ್ದಾರೆ ಎಂದು ಎರಡು ಕಾಲಂಗಳಲ್ಲಿ ಬರೆದುಕೊಳ್ಳಿ. ಕನಿಷ್ಠ ಇಬ್ಬರು ಬೇರೆ ಬೇರೆಯವರು ತೋರಿಸಿದ ಹೊಸ ಸೈಟ್‌ಗಳನ್ನು ಪಟ್ಟಿಗೆ ಸೇರಿಸಿ, ಒಬ್ಬರೇ ತೋರಿಸಿದ್ದನ್ನು ಬಿಡಿ. ಈ 'ಇಬ್ಬರ ಸಾಕ್ಷಿ' ನಿಯಮ ನನ್ನದಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರಿಚರ್ಡ್ ರೋಜರ್ಸ್ ಮತ್ತು ಜೊತೆಗಾರರ ಇಶ್ಯೂಕ್ರಾಲರ್ ಎಂಬ ಸಾಧನ ಇದನ್ನೇ ಮಾಡುತ್ತಿತ್ತು. ಒಂದೆರಡು ಸುತ್ತು ಹೋದರೆ ಸಾಕು, ಮೂರನೆಯ ಸುತ್ತಿಗೆ ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತೀರಿ. ಇದರಲ್ಲಿ ಸಮಯ ಹಿಡಿಯುತ್ತದೆ, ನಿಮಗೆ ಇಷ್ಟವಾದವರನ್ನೇ ಸೇರಿಸುವ ಅಪಾಯವೂ ಇದೆ. ಆದರೆ ಪ್ರತಿ ಪುಟ ನೀವೇ ಓದಿರುತ್ತೀರಿ. ಅದರ ಬೆಲೆ ದೊಡ್ಡದು.

ಯಂತ್ರವೇ ಮಾಡಲಿ ಎಂದರೆ ಪ್ಯಾರಿಸ್‌ನ ಸಿಯಾನ್ಸ್ ಪೊ ವಿಶ್ವವಿದ್ಯಾಲಯದ ಮೀಡಿಯಾಲ್ಯಾಬ್‌ನವರ ಹೈಫ್ ಎಂಬ ಉಚಿತ ಸಾಧನ ಇದೆ. ಅದು ಸೈಟ್‌ಗಳನ್ನು ತೆರೆದು ಕೊಂಡಿ ಸಂಗ್ರಹಿಸುತ್ತದೆ, ಹೊಸದಾಗಿ ಸಿಕ್ಕಿದ್ದನ್ನು ಸೇರಿಸಲಾ ಬೇಡವಾ ಎಂದು ಪ್ರತಿ ಹಂತದಲ್ಲೂ ನಿಮ್ಮನ್ನು ಕೇಳುತ್ತದೆ. ಅಲ್ಲಿಂದ ಗೆಫಿಗೆ ತಂದು ಚಿತ್ರ ಮಾಡಬಹುದು. ಹೈಫ್ ಅನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳುವುದು ಸ್ವಲ್ಪ ತಾಪತ್ರಯ, ಅದು ಭಾವನವರ ಕೆಲಸವಾಗಲಿ. ಸಣ್ಣ ಸರ್ವರ್‌ನಲ್ಲಿ ನಡೆಯುವ ಸೈಟ್‌ಗಳನ್ನು ಯಂತ್ರ ಒಂದೇ ಸಮನೆ ತೆರೆಯುತ್ತಾ ಹೋದರೆ ಅವು ಕುಂಟುತ್ತವೆ, ಹಾಗಾಗಿ ನಿಧಾನಕ್ಕೆ ಓಡಿಸಿ. ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಎಂಬ ಕೋಡ್‌ನಿಂದ ಮೂಡುವ ಕೊಂಡಿಗಳನ್ನು ಇಂಥ ಯಂತ್ರಗಳು ಬಿಟ್ಟುಬಿಡುವುದುಂಟು ಅನ್ನುವುದೂ ನೆನಪಿರಲಿ.

ಹಣ ಕೊಟ್ಟು ಬಳಸುವ ಏಹ್ರೆಫ್ಸ್, ಸೆಮ್‌ರಷ್, ಮೆಜೆಸ್ಟಿಕ್, ಮಾಜ್ ತಮ್ಮದೇ ಯಂತ್ರಗಳಿಂದ ವೆಬ್ ತಿರುಗಿ ಸಂಗ್ರಹಿಸಿದ ದೊಡ್ಡ ಭಂಡಾರ ಇಟ್ಟುಕೊಂಡಿವೆ. ಇವುಗಳ ದೊಡ್ಡ ಅನುಕೂಲ, ಒಂದು ಸೈಟ್‌ಗೆ ಹೊರಗಿನಿಂದ ಯಾರೆಲ್ಲ ಕೊಂಡಿ ಕೊಟ್ಟಿದ್ದಾರೆ ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಕೈಯಿಂದ ಮಾಡಿದರೆ ಅದು ಅಸಾಧ್ಯ. ಆದರೆ ಸಣ್ಣ ಕನ್ನಡ ಸೈಟ್‌ಗಳಿಗೆ ಆ ಯಂತ್ರಗಳು ಅಪರೂಪಕ್ಕೆ ಬರುತ್ತವೆ, ನಮ್ಮ ಭಾಗದ ಚಿತ್ರ ತೆಳುವಾಗಿರುತ್ತದೆ. ತಿಂಗಳಿಗೆ ಸಾವಿರಾರು ರೂಪಾಯಿ ಚಂದಾ. ವರ್ಷಕ್ಕೆ ಕಟ್ಟಬೇಡಿ. ಪಟ್ಟಿ ಸಿದ್ಧ ಮಾಡಿಟ್ಟುಕೊಂಡು ಒಂದೇ ತಿಂಗಳು ತೆಗೆದುಕೊಂಡು ಬೇಕಾದ್ದನ್ನೆಲ್ಲ ಇಳಿಸಿಕೊಂಡರೆ ನಿಮ್ಮ ಗಾತ್ರದ ಸೈಟ್‌ಗೆ ಧಾರಾಳ. ನಿಮ್ಮ ಸ್ವಂತ ಸೈಟ್‌ಗೆ ಕೊಂಡಿ ಕೊಟ್ಟವರು ಗೂಗಲ್ ಸರ್ಚ್ ಕನ್ಸೋಲ್‌ನ ಲಿಂಕ್ಸ್ ವರದಿಯಲ್ಲಿ ಉಚಿತವಾಗಿ ಕಾಣುತ್ತಾರೆ. ಅದನ್ನು ಇವತ್ತೇ ತೆರೆದು ನೋಡಿ. ನಿಮಗೆ ಗೊತ್ತಿಲ್ಲದ ಹಿತೈಷಿಗಳು ಅಲ್ಲಿ ಸಿಗಬಹುದು.

ಏಜೆನ್ಸಿಯ ಮಾತಿಗೆ ನನ್ನ ಉತ್ತರ ಸ್ಪಷ್ಟ. ಬೇಡ. 'ಡಿಎ' (ಡೊಮೇನ್ ಅಥಾರಿಟಿ) ಎನ್ನುವುದು ಮಾಜ್ ಕಂಪನಿ ತನ್ನ ಅಂದಾಜಿಗೆ ಇಟ್ಟುಕೊಂಡ ನೂರರೊಳಗಿನ ಅಂಕ. ಗೂಗಲ್ ಅದನ್ನು ಬಳಸುವುದಿಲ್ಲ. ಆ ಅಂಕ ವಿಷಯವನ್ನೂ ನೋಡುವುದಿಲ್ಲ. ಜೂಜಿನ ಸೈಟ್‌ಗೂ ಡಿಎ 40 ಇರಬಹುದು, ನಿಮ್ಮ ಮೆಣಸಿಗೂ ಅದಕ್ಕೂ ಏನು ಸಂಬಂಧ? ಸ್ಥಾನ ಏರಿಸಿಕೊಳ್ಳಲು ಹಣ ಕೊಟ್ಟು ಕೊಂಡಿ ಪಡೆಯುವುದು ಗೂಗಲ್ ನಿಯಮಕ್ಕೆ ನೇರ ವಿರುದ್ಧ. ಹಣ ಪಡೆದ ಕೊಂಡಿಗೆ 'ಸ್ಪಾನ್ಸರ್ಡ್' ಅಥವಾ 'ನೋಫಾಲೋ' ಎಂಬ ಗುರುತು ಹಾಕಬೇಕು, ಅಂದರೆ ಇದನ್ನು ಸ್ಥಾನದ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ತಿಳಿಸಬೇಕು. ಗುರುತು ಹಾಕಿದರೆ ನೀವು ಕೊಂಡ ಲಾಭವೇ ಇರುವುದಿಲ್ಲ. 2011ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಜಾಲ ಜೆಸಿ ಪೆನ್ನಿಗೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಕೊಂಡಿ ಇರುವುದನ್ನು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಗೂಗಲ್ ಕ್ರಮ ತೆಗೆದುಕೊಂಡು ಮೊದಲ ಸ್ಥಾನಗಳಿಂದ ಅದನ್ನು ಕೆಳಗೆ ತಳ್ಳಿತು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ಬಂದ ಮೇಲೆ ಇಂಥದನ್ನು ಯಂತ್ರವೇ ಹಿಡಿಯತೊಡಗಿತು. ಈಗ ಹೆಚ್ಚಾಗಿ ಅಂಥ ಕೊಂಡಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಅದೃಷ್ಟ ಚೆನ್ನಾಗಿದ್ದರೆ ಹದಿನೈದು ಸಾವಿರ ಹೋಗುತ್ತದೆ. ಚೆನ್ನಾಗಿಲ್ಲದಿದ್ದರೆ ಹಣದ ಜೊತೆ ಸೈಟ್‌ನ ಹೆಸರೂ ಹೋಗುತ್ತದೆ, ಆ ಕೊಂಡಿಗಳನ್ನು ತೆಗೆಸಲು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ. ದೊಡ್ಡ ಕಂಪನಿ ಅದನ್ನು ತಡೆದುಕೊಂಡೀತು. ಒಬ್ಬರೇ ನಡೆಸುವ ಕನ್ನಡ ಸೈಟ್‌ಗೆ ಅದು ಕಷ್ಟ.

ವಿಕಿಪೀಡಿಯದಲ್ಲಿ ಹೋಗಿ ನಿಮ್ಮ ಸೈಟ್‌ನ ಲಿಂಕ್ ನೀವೇ ಸೇರಿಸುವ ಯೋಚನೆಯಿದ್ದರೆ ಅದನ್ನೂ ಬಿಡಿ. ಅಲ್ಲಿನ ಹೊರಕೊಂಡಿಗಳಿಗೆ 2007ರಿಂದಲೇ ನೋಫಾಲೋ ಗುರುತಿದೆ. ಸ್ವಂತದ್ದನ್ನು ಸೇರಿಸಿದರೆ ಸಂಪಾದಕರು ತೆಗೆದುಹಾಕುತ್ತಾರೆ.

ಹಾಗಾದರೆ ನಕ್ಷೆಯಿಂದ ಸಿಕ್ಕಿದವರನ್ನು ಇಟ್ಟುಕೊಂಡು ಏನು ಮಾಡುವುದು? ಎಲ್ಲವನ್ನೂ ಸೋಸಿದ ಮೇಲೆ ನಿಮ್ಮ ಕೈಯಲ್ಲಿ ಹತ್ತು ಹನ್ನೆರಡು ಹೆಸರು ಉಳಿಯಬಹುದು. ಮೂಲ ಮಾಹಿತಿಯ ಸಂಸ್ಥೆಗಳು ಕೆಲವು, ಪಟ್ಟಿ ಮಾಡಿಟ್ಟ ಹಬ್‌ಗಳು ಕೆಲವು, ಎರಡು ಗುಂಪುಗಳನ್ನು ಬೆಸೆಯುವವರು ಒಬ್ಬಿಬ್ಬರು. ಸಂಸ್ಥೆಗಳು ನಿಮಗೆ ಲಿಂಕ್ ಕೊಡುವುದು ಕಡಿಮೆ, ಅದಕ್ಕೆ ಕಾಯಬೇಡಿ. ಅವುಗಳಿಂದ ಕಲಿಯಿರಿ, ಬರಹದಲ್ಲಿ ಕೊಂಡಿ ಸಮೇತ ಹೆಸರಿಸಿ. ಹಬ್ ನಡೆಸುವವರಿಗೆ ಪತ್ರ ಬರೆಯಿರಿ. "ನನಗೆ ಲಿಂಕ್ ಕೊಡಿ" ಎಂದು ಶುರು ಮಾಡಬೇಡಿ. ಅವರ ಪಟ್ಟಿಯಲ್ಲಿ ಸತ್ತಿರುವ ಕೊಂಡಿಗಳು ಖಂಡಿತ ಇರುತ್ತವೆ. ಇಂಥ ಇಂಥವು ತೆರೆಯುತ್ತಿಲ್ಲ, ಅವುಗಳ ಹೊಸ ವಿಳಾಸ ಇದು ಎಂದು ತಿಳಿಸಿ. ಜೊತೆಗೆ, ಅವರ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯದ ಬಗ್ಗೆ ನೀವು ಬರೆದ ಪುಟವಿದ್ದರೆ ಒಂದು ಸಾಲಿನಲ್ಲಿ ಹೇಳಿ. ಮಳೆಗಾಲದಲ್ಲಿ ನಿಮ್ಮ ತೋಟದಲ್ಲೇ ಬೋರ್ಡೊ ಹೊಡೆದ ಫೋಟೊ, ತಾರೀಖು, ಫಲಿತಾಂಶ ಇರುವ ಪುಟ ನಿಮ್ಮಲ್ಲಿದ್ದರೆ ಅದನ್ನೇ ತೋರಿಸಿ. ಅಂಥದ್ದು ಸಂಸ್ಥೆಗಳ ಕೈಪಿಡಿಯಲ್ಲಿ ಸಿಗುವುದಿಲ್ಲ.

ಬೆಸೆಯುವವರು ಸಿಕ್ಕರೆ ಬಿಡಬೇಡಿ. ಸಾವಯವದವರನ್ನೂ ಸಂಶೋಧನಾ ಸಂಸ್ಥೆಯನ್ನೂ ಒಂದೇ ಲೇಖನದಲ್ಲಿ ನ್ಯಾಯವಾಗಿ ಹೆಸರಿಸುವವರು ಅಪರೂಪ. ಅವರ ಒಂದು ಮಾತು ಎರಡು ಕಡೆಗೂ ತಲುಪುತ್ತದೆ. ಅವರ ಬರಹವನ್ನು ಓದಿ, ನಿಮ್ಮ ಬರಹದಲ್ಲಿ ಚರ್ಚಿಸಿ, ಸಾಧ್ಯವಾದರೆ ತೋಟಕ್ಕೆ ಕರೆಯಿರಿ.

ಕೊನೆಯ ಪ್ರಶ್ನೆ, ಹೊರಗೆ ಕೊಂಡಿ ಕೊಟ್ಟರೆ ಬಲ ಹೋಗುತ್ತದಾ ಎಂಬುದು. ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ ಒಂದು ಪುಟ ಮುಂದಕ್ಕೆ ಕೊಡುವ ಅಂಕ ಅದರಲ್ಲಿರುವ ಎಲ್ಲ ಕೊಂಡಿಗಳಿಗೂ ಹಂಚಿಹೋಗುತ್ತದೆ. ಈ ಮಾತು ಬಾಯಿಂದ ಬಾಯಿಗೆ ಹೋಗಿ 'ಬಲ ಸೋರುತ್ತದೆ' ಎಂದಾಗಿದೆ. ಹಂಚುವುದರಿಂದ ಆ ಪುಟದ ಸ್ವಂತ ಅಂಕ ನೇರವಾಗಿ ಕಡಿಮೆಯಾಗುವುದಿಲ್ಲ. ಸಂಬಂಧವಿರುವ ಒಳ್ಳೆಯ ಮೂಲಕ್ಕೆ ಕೊಂಡಿ ಕೊಟ್ಟದ್ದಕ್ಕೆ ಯಾರಿಗೂ ಶಿಕ್ಷೆಯಾಗಿಲ್ಲ. ನಾನಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ. ಕಾಳುಮೆಣಸಿನ ಎಲ್ಲ ನಂಬಬಹುದಾದ ಮೂಲಗಳನ್ನೂ ಒಂದೇ ಕಡೆ ತೋರಿಸುವ ಒಳ್ಳೆಯ ಕನ್ನಡ ಪುಟ ನಿಮ್ಮ ಹುಡುಕಾಟದಲ್ಲಿ ಸಿಗದೇ ಹೋದರೆ, ಆ ಹಬ್ ನೀವೇ ಮಾಡಿ. ನಕ್ಷೆಗೆಂದು ಮಾಡಿದ ಪಟ್ಟಿ ಹೇಗೂ ಕೈಯಲ್ಲಿರುತ್ತದೆ. ತಳಿಗೆ ಎಲ್ಲಿ ನೋಡಬೇಕು, ರೋಗಕ್ಕೆ ಎಲ್ಲಿ, ಸಸಿಗೆ ಎಲ್ಲಿ, ಧಾರಣೆಗೆ ಎಲ್ಲಿ ಎಂದು ವಿಂಗಡಿಸಿ. ಪ್ರತಿ ಕೊಂಡಿಯ ಮುಂದೆ ಅಲ್ಲಿ ಏನಿದೆ, ಯಾವ ಭಾಷೆಯಲ್ಲಿದೆ ಎಂದು ಒಂದು ಸಾಲು ಬರೆಯಿರಿ. ಹಳೆಯ ಫಾಂಟ್‌ನ ಕೈಪಿಡಿಯಾದರೆ ಅದರ ಸಾರಾಂಶವನ್ನು ಯೂನಿಕೋಡ್‌ನಲ್ಲಿ ಕೊಡಿ, ಆಗ ಹುಡುಕುವವರಿಗೆ ಅದು ಮೊದಲ ಸಲ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಕೊಯ್ಲಿನ ಹೊತ್ತಿಗೆ ಒಮ್ಮೆ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡಿ, ಪರಿಶೀಲಿಸಿದ ತಿಂಗಳನ್ನು ಪುಟದ ಮೇಲ್ಭಾಗದಲ್ಲಿ ಹಾಕಿ. ಆ ಪುಟ ಸಿದ್ಧವಾದಾಗ ನನಗೂ ವಿಳಾಸ ಕಳಿಸಿ.